ಕಾರ್ವೆಟ್ ಮೂತಿಯ ಕೆಳಗಿನ ಕಪ್ಪು ಪ್ಲಾಸ್ಟಿಕ್: ಇರಲಾ, ಕಿತ್ತುಹಾಕಲಾ?

ಕಾರು 2002ರ ಷೆವ್ರೊಲೆ ಕಾರ್ವೆಟ್, ಸಿ5 ಪೀಳಿಗೆಯದು. ಎಲೆಕ್ಟ್ರಾನ್ ಬ್ಲೂ ಬಣ್ಣ, 5.7 ಲೀಟರ್ ಎಲ್ಎಸ್1 ವಿ8 ಎಂಜಿನ್, ಆರು ಗೇರಿನ ಮ್ಯಾನ್ಯುಯಲ್. ಸೆಕೆಂಡ್ ಹ್ಯಾಂಡ್ ತಗೊಂಡೆ. ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಫೀನಿಕ್ಸ್ ಪಕ್ಕದ ಊರು. ಬೇಸಿಗೆಯಲ್ಲಿ ಇಲ್ಲಿ 43 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಹಾಗಾಗಿ ಕಾರು ಮನೆಗೆ ಬಂದ ಕೂಡಲೇ ನಾನು ನೋಡಿದ್ದು ಎಂಜಿನ್ ಎಷ್ಟು ಬಿಸಿಯಾಗುತ್ತೆ ಅನ್ನೋದನ್ನ. ಈ ಕಾರಿನಲ್ಲಿ ಅದು ಸುಲಭ. ಡ್ಯಾಶ್‌ಬೋರ್ಡಿನ ಗೇಜಸ್ ಬಟನ್ ಒತ್ತುತ್ತಾ ಹೋದರೆ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಎಷ್ಟು ಡಿಗ್ರಿ ಅಂತ ಅಂಕಿಯಲ್ಲೇ ತೋರಿಸುತ್ತೆ. ಮುಳ್ಳು ನೋಡಿ ಅಂದಾಜು ಮಾಡುವ ಕೆಲಸ ಇಲ್ಲ.

ಊರೊಳಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವಾಗ ಎಲ್ಲ ಸರಿ ಇತ್ತು. ಹೈವೇಗೆ ಹತ್ತಿ 70 ಮೈಲಿ ವೇಗದಲ್ಲಿ, ಅಂದರೆ ಸುಮಾರು 113 ಕಿಲೋಮೀಟರ್‌ನಲ್ಲಿ ಹೋಗುವಾಗ ಬಿಸಿ ಏರತೊಡಗಿತು. ಸಾಮಾನ್ಯ ಕಾರಿನಲ್ಲಿ ಇದು ಉಲ್ಟಾ ಇರಬೇಕು, ಅಲ್ವಾ? ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ, ಓಡುವಾಗ ತಂಪು. ನಿಂತಾಗ ಬಿಸಿಯಾದರೆ ಮೊದಲು ಫ್ಯಾನ್ ನೋಡಬೇಕು. ಓಡುವಾಗ ಬಿಸಿಯಾದರೆ ಕೂಲೆಂಟನ್ನು ಗಾಳಿಯಿಂದ ತಣಿಸುವ ರೇಡಿಯೇಟರಿಗೆ ಗಾಳಿ ತಲುಪುತ್ತಿಲ್ಲ ಅಥವಾ ಕೂಲೆಂಟ್ ಸರಿಯಾಗಿ ಸುತ್ತುತ್ತಿಲ್ಲ. ಕೂಲೆಂಟ್ ಮಟ್ಟ ನೋಡಿದೆ, ಸರಿ ಇತ್ತು. ಫ್ಯಾನ್ ಎರಡೂ ತಿರುಗುತ್ತಿದ್ದವು. ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆಯುತ್ತಿತ್ತು. ಉಳಿದದ್ದು ಗಾಳಿಯ ದಾರಿ.

ನೆಲಕ್ಕೆ ಮಲಗಿ ಟಾರ್ಚ್ ಹಿಡಿದು ಮೂತಿಯ ಕೆಳಗೆ ನೋಡಿದರೆ ಅಲ್ಲಿ ಎರಡು ಸಾಮಾನು. ಒಂದು, ಬಂಪರಿನ ಅಂಚಿಗೆ ಹೊರಗಿನಿಂದ ಸ್ಕ್ರೂ ಹೊಡೆದು ಕೂರಿಸಿದ ಕಾರ್ಬನ್ ಫೈಬರ್ ಥರ ಕಾಣುವ ಒಂದು ತುಟಿ. ಹಿಂದಿನ ಮಾಲೀಕರು ಹಾಕಿಸಿದ್ದು. ಕಾರು ಕೊಳ್ಳುವಾಗ ಎಲ್ಲರೂ ಹೊಗಳಿದ್ದು ಇದನ್ನೇ. ಇನ್ನೊಂದು ಅದಕ್ಕಿಂತ ಹಿಂದೆ, ರೇಡಿಯೇಟರ್ ಕೆಳಗೆ ಅಡ್ಡಡ್ಡ ಜೋತುಬಿದ್ದಿರುವ ಕಪ್ಪು ಪ್ಲಾಸ್ಟಿಕ್ ಪಟ್ಟಿ. ಕಾರ್ಖಾನೆಯಲ್ಲೇ ಬಂದ ಸ್ಪಾಯ್ಲರ್ ಇದು, ಏರ್ ಡ್ಯಾಮ್ ಅಂತಾರೆ. ಮೂರು ತುಂಡು: ನಡುವೆ ಒಂದು, ಅಕ್ಕಪಕ್ಕ ಒಂದೊಂದು. ನನ್ನ ಕಾರಿನಲ್ಲಿ ನಡುವಿನ ತುಂಡು ಅರ್ಧಕ್ಕರ್ಧ ಹರಿದುಹೋಗಿತ್ತು, ಬಲಗಡೆಯದು ಇರಲೇ ಇಲ್ಲ. ಎಡಗಡೆಯದು ಒಂದೇ ಬೋಲ್ಟಿನಲ್ಲಿ ನೇತಾಡುತ್ತಿತ್ತು.

ಮಂಗಳೂರು ಕಡೆಯ ಗೆಳೆಯನೊಬ್ಬ ಕಾರು ನೋಡಲು ಬಂದಿದ್ದ. ಬಗ್ಗಿ ನೋಡಿ ತೀರ್ಪು ಕೊಟ್ಟೇಬಿಟ್ಟ: "ಇದೊಂದು ಕಿತ್ತು ಬಿಸಾಡು ಮಾರಾಯ. ಪ್ರತಿ ಸಲ ಮನೆಯೊಳಗೆ ತರುವಾಗ ಕೆರೆಯುತ್ತದೆ. ಮುಂದಿನ ಆ ಚಂದದ್ದು ಇದೆಯಲ್ಲ, ಅದು ಸಾಕು." ಕಾರ್ವೆಟ್ ಇಟ್ಟುಕೊಂಡವರು ಬಹಳ ಮಂದಿ ಹೀಗೇ ಯೋಚಿಸುತ್ತಾರೆ. ಕೆರೆಯುವ ಸದ್ದು ಕೇಳಿದರೆ ಯಾರಿಗಾದರೂ ಹೊಟ್ಟೆ ಕಿವುಚುತ್ತೆ. ಆದರೆ ಆ ತೀರ್ಪನ್ನು ಒಪ್ಪುವ ಮುಂಚೆ ಈ ಕಾರು ಉಸಿರಾಡುವುದು ಹೇಗೆ ಅಂತ ನೋಡಬೇಕು.

ಸಿ5 ಕಾರ್ವೆಟ್ 1997ರಿಂದ 2004ರವರೆಗೆ ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ ತಯಾರಾದ ಕಾರು. ಮುಂದೆ ನಿಂತು ನೋಡಿ. ರೇಡಿಯೇಟರಿಗೆ ನೇರವಾಗಿ ಗಾಳಿ ಬಿಡುವ ಗ್ರಿಲ್ ಇಲ್ಲ. ಹೆಡ್‌ಲೈಟ್ ಕೂಡ ಬಾನೆಟ್ ಒಳಗೆ ಮಡಚಿಕೊಳ್ಳುತ್ತೆ. ಮೂತಿ ಅಷ್ಟು ತಗ್ಗು, ಅಷ್ಟು ನುಣುಪು. ಇದರ ಡ್ರ್ಯಾಗ್ ಅಂಕಿ, ಅಂದರೆ ಗಾಳಿ ಕಾರನ್ನು ಎಷ್ಟು ತಡೆಯುತ್ತೆ ಅನ್ನುವ ಅಳತೆ, 0.29. ಆ ಕಾಲದ ಸ್ಪೋರ್ಟ್ಸ್ ಕಾರಿಗೆ ಇದು ತುಂಬಾ ಕಡಿಮೆ. ಅಗಲ ಟೈರ್, ದೊಡ್ಡ ವಿ8 ಇಟ್ಟುಕೊಂಡೂ ಆ ಅಂಕಿ ಬಂದಿದೆ ಅಂದರೆ ಮೂತಿ ಮುಚ್ಚಿರುವುದಕ್ಕೂ ಅದರಲ್ಲಿ ಪಾಲಿದೆ. ಮುಂದೆ ಮುಚ್ಚಿದ ಮೇಲೆ ರೇಡಿಯೇಟರಿಗೆ ಗಾಳಿ ಎಲ್ಲಿಂದ? ಕೆಳಗಿನಿಂದ. ಬಂಪರಿನ ಹೊಟ್ಟೆಯಲ್ಲಿ ಒಂದು ದೊಡ್ಡ ಬಾಯಿ ಇದೆ. ಹಿಂದಿನ ಸಿ4 ಪೀಳಿಗೆಯಲ್ಲೂ ಇದೇ ಏರ್ಪಾಡು.

ಆದರೆ ಓಡುವ ಕಾರಿನ ಕೆಳಗೆ ನುಗ್ಗುವ ಗಾಳಿ ತಾನಾಗಿ ಮೇಲೆ ತಿರುಗಲ್ಲ. ಸೀದಾ ಹಿಂದಕ್ಕೆ ಹೋಗುತ್ತೆ. ತೋಟದಲ್ಲಿ ನೀರು ಕಟ್ಟುವವರು ಕಾಲುವೆಗೆ ಅಡ್ಡ ಒಂದು ಮಂಕರಿ ಮಣ್ಣು ಹಾಕಿ ನೀರನ್ನು ಪಾತಿಗೆ ತಿರುಗಿಸುತ್ತಾರಲ್ಲ, ಆ ಕಪ್ಪು ಪಟ್ಟಿ ಮಾಡುವುದು ಅದೇ ಕೆಲಸ. ಬರುವ ಗಾಳಿಗೆ ಅಡ್ಡ ನಿಲ್ಲುತ್ತೆ. ಅದರ ಮುಂದೆ ಗಾಳಿ ಒತ್ತಡ ಏರುತ್ತೆ, ಮೇಲಿನ ಬಾಯಿಗೆ ನುಗ್ಗುತ್ತೆ. ಅದೇ ಹೊತ್ತಿಗೆ ಪಟ್ಟಿಯ ಹಿಂದೆ, ಎಂಜಿನ್ ಕೆಳಗೆ, ಒತ್ತಡ ಇಳಿಯುತ್ತೆ. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿಗೆ ಹೊರಹೋಗಲು ದಾರಿ ಆಗುತ್ತೆ. ಈ ಎರಡನೇ ಭಾಗವನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ರೇಡಿಯೇಟರ್ ಮೂಲಕ ಗಾಳಿ ಹರಿಯಬೇಕಾದರೆ ಮುಂದೆ ಒತ್ತಡ ಇದ್ದರಷ್ಟೇ ಸಾಲದು, ಹಿಂದೆ ಕಡಿಮೆಯೂ ಇರಬೇಕು. ಪಟ್ಟಿ ಹೋದರೆ ಎರಡೂ ಹೋದವು. ಕೆಳಗೆ ನುಗ್ಗಿದ ಗಾಳಿ ಎಂಜಿನ್ ಗೂಡಿನ ತಳದಲ್ಲಿ ತುಂಬಿಕೊಂಡು, ಒಳಗಿನ ಬಿಸಿಗಾಳಿಯನ್ನೇ ತಡೆಯುತ್ತೆ.

ಊರೊಳಗೆ ಏನೂ ಗೊತ್ತಾಗದಿರುವುದಕ್ಕೂ ಕಾರಣ ಇಲ್ಲೇ ಇದೆ. ನಿಧಾನ ಹೋಗುವಾಗ ಗಾಳಿ ಎಳೆಯುವುದು ಫ್ಯಾನ್. ಪಟ್ಟಿ ಇರಲಿ, ಇಲ್ಲದಿರಲಿ, ಫ್ಯಾನಿಗೆ ಅಂಥ ವ್ಯತ್ಯಾಸ ಇಲ್ಲ. ಹೈವೇಯಲ್ಲಿ ಫ್ಯಾನ್ ನಿಂತಿರಬೇಕು, ಗಾಳಿಯೇ ಆ ಕೆಲಸ ಮಾಡಬೇಕು. ನನ್ನ ಕಾರಿನಲ್ಲಿ ಹೈವೇ ವೇಗದಲ್ಲೂ ಫ್ಯಾನ್ ಶುರುವಾಗುತ್ತಿತ್ತು.

ಇನ್ನು ಕೆಲಸ. ಈ ಕಾರನ್ನು ಎತ್ತುವುದೇ ಒಂದು ಯೋಜನೆ. ಸಾಮಾನ್ಯ ಟ್ರಾಲಿ ಜ್ಯಾಕ್ ಕೆಳಗೆ ತೂರುವುದಿಲ್ಲ. ಸರಕು ಅಂಗಡಿಯಿಂದ ದಪ್ಪ ಮರದ ಹಲಗೆ ತಂದು, ಮೊದಲು ನಾಲ್ಕೂ ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿದೆ. ಆಮೇಲೆ ಜ್ಯಾಕ್ ಒಳಗೆ ಹೋಯಿತು. ಫ್ರೇಮಿನಲ್ಲಿ ಚಕ್ರಗಳ ಹತ್ತಿರ ಉದ್ದುದ್ದ ತೂತುಗಳಿವೆ. ಅವಕ್ಕೆ ಕೂರುವ ರಬ್ಬರ್ ಅಥವಾ ಅಲ್ಯೂಮಿನಿಯಮ್ ಬಿಲ್ಲೆ ಸಿಗುತ್ತೆ. ಅದನ್ನು ಸಿಕ್ಕಿಸಿ ಅಲ್ಲೇ ಜ್ಯಾಕ್ ಕೊಡಬೇಕು. ಕಾರ್ವೆಟ್ ಮೈ ತಗಡಿನದಲ್ಲ, ಫೈಬರ್ ಕಾಂಪೋಸಿಟ್. ಬಾಗಿಲ ಕೆಳಗಿನ ಅಂಚಿಗೆ ಜ್ಯಾಕ್ ತಾಗಿದರೆ ಸೊಟ್ಟಗಾಗಲ್ಲ, ಬಿರುಕು ಬಿಡುತ್ತೆ. ಕೆಳಗೆ ಹೋಗುವ ಮುಂಚೆ ಎರಡೂ ಕಡೆ ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದೆ. ಸ್ಟ್ಯಾಂಡ್ ಇಲ್ಲದೆ ಬರೀ ಜ್ಯಾಕ್ ನಂಬಿ ಯಾರೂ ತಲೆ ಒಳಗೆ ಹಾಕಬೇಡಿ. ದಯವಿಟ್ಟು.

ಹೊಸ ಪಟ್ಟಿ ಬರುವಷ್ಟರಲ್ಲಿ ಇನ್ನೊಂದು ಅನುಮಾನ ತೀರಿಸಿಕೊಳ್ಳಬೇಕಿತ್ತು. ನೆಲದ ಹತ್ತಿರದಿಂದ ಉಸಿರೆಳೆಯುವ ಕಾರು ಗಾಳಿ ಒಂದನ್ನೇ ಎಳೆಯಲ್ಲ. ರಸ್ತೆ ಮೇಲಿದ್ದದ್ದನ್ನೆಲ್ಲ ಎಳೆದುಕೊಳ್ಳುತ್ತೆ. ರೇಡಿಯೇಟರ್ ಮುಂದೆ ಏಸಿಯ ಬಿಸಿ ಹೊರಬಿಡುವ ಕಂಡೆನ್ಸರ್ ಇದೆ. ಇವೆರಡರ ನಡುವಿನ ಸಂದು ಈ ಕಸ ಸೇರುವ ಜಾಗ. ಮೇಲಿನ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ರೇಡಿಯೇಟರಿನ ಮೇಲಿನ ಹಿಡಿಕೆಗಳನ್ನು ಸಡಿಲಿಸಿ, ಅದನ್ನು ಎಂಜಿನ್ ಕಡೆಗೆ ಸ್ವಲ್ಪ ವಾಲಿಸಿ ಟಾರ್ಚ್ ಬಿಟ್ಟೆ. ಒಣಗಿದ ಎಲೆ, ಪ್ಲಾಸ್ಟಿಕ್ ಚೀಲದ ಚೂರು, ಮೆಸ್ಕೀಟ್ ಮರದ ಕಾಯಿ, ಹಕ್ಕಿ ಪುಕ್ಕ, ಅದರ ಮೇಲೆ ಮರುಭೂಮಿಯ ಧೂಳು ಕೂತು ಕಂಬಳಿಯಾಗಿತ್ತು. ಕೆಳಗಿನ ಕಾಲುಭಾಗ ಪೂರ್ತಿ ಮುಚ್ಚಿಹೋಗಿತ್ತು.

ದೊಡ್ಡ ಕಸವನ್ನು ವ್ಯಾಕ್ಯೂಮ್‌ನ ತೆಳು ಮೂತಿಯಿಂದ ಎಳೆದೆ. ಉಳಿದದ್ದಕ್ಕೆ ಮೆದು ಬ್ರಶ್, ಆಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣಗೆ ನೀರು. ಪ್ರೆಶರ್ ವಾಷರ್ ಬಳಸಬೇಡಿ. ರೇಡಿಯೇಟರಿನ ರೆಕ್ಕೆಗಳು ಕಾಗದದಷ್ಟು ತೆಳು, ಒಂದು ಸಲ ಮಲಗಿದರೆ ಒಂದೊಂದನ್ನೇ ಎಬ್ಬಿಸಬೇಕು. ಮುಂದಿನಿಂದ ನೀರು ಹೊಡೆದರೆ ಕಸ ಇನ್ನೂ ಒಳಗೆ ಸೇರಿಕೊಳ್ಳುತ್ತೆ. ಈ ಕೆಲಸಕ್ಕೆ ಆತುರ ಪಡಲೇಬಾರದು. ನೀವು ಸಿ4 ಅಥವಾ ಸಿ5 ಕೊಂಡಿದ್ದರೆ, ಎಂಜಿನ್ ಆಯಿಲ್ ಬದಲಿಸುವ ಮುಂಚೆಯೇ ಈ ಸಂದು ನೋಡಿ ಅಂತ ನಾನು ಹೇಳುತ್ತೇನೆ.

ಆಮೇಲೆ ಆ ಚಂದದ ತುಟಿಗೆ ಕೈ ಹಾಕಿದೆ. ಬಂಪರ್ ಕವರಿಗೆ ನೇರ ಸ್ಕ್ರೂ ತಿರುಗಿಸಿ ಕೂರಿಸಿದ್ದರು. ಹಿಂದೆ ಫ್ರೇಮಿಗೆ ಯಾವ ಆಧಾರವೂ ಇಲ್ಲ. ಒಂದು ಬೆರಳಲ್ಲಿ ಒತ್ತಿದರೆ ಕೆಳಗೆ ಬಾಗುತ್ತಿತ್ತು. ಇಂಥದ್ದನ್ನು ಅಂಗಡಿಗಳಲ್ಲಿ ಸ್ಪ್ಲಿಟರ್ ಅಂತ ಮಾರುತ್ತಾರೆ. ನಿಜವಾದ ಸ್ಪ್ಲಿಟರ್ ಕೆಲಸ ಮಾಡುವ ರೀತಿ ಬೇರೆ. ಮೂತಿಗೆ ಗುದ್ದಿ ನಿಂತ ಗಾಳಿಯ ಒತ್ತಡ ಆ ಹಲಗೆಯ ಮೇಲ್ಮೈಯನ್ನು ಕೆಳಗೆ ತಳ್ಳುತ್ತೆ, ಕೆಳಗೆ ವೇಗವಾಗಿ ಹರಿಯುವ ಗಾಳಿ ಎಳೆಯುತ್ತೆ. ಹಾಗೆ ತಳ್ಳಿಸಿಕೊಳ್ಳುವ ವಸ್ತು ಗಟ್ಟಿಯಾಗಿರಬೇಕಲ್ಲ? ರೇಸ್ ಕಾರುಗಳಲ್ಲಿ ಅದನ್ನು ಫ್ರೇಮಿಗೆ ಸರಳು ಕೊಟ್ಟು ಕಟ್ಟುತ್ತಾರೆ, ಮೇಲೆ ಮನುಷ್ಯ ನಿಂತರೂ ತಡೆಯಬೇಕು. ಬೆರಳಿಗೆ ಬಾಗುವ ತುಟಿ ಗಾಳಿಗೂ ಬಾಗುತ್ತೆ. ಅದು ಅಲಂಕಾರ, ಅಷ್ಟೇ.

ಮುಂದಿನ ಸ್ಪಾಯ್ಲರೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1972ರ ಮಾಡೆಲ್ ಪೋರ್ಷೆ 911 ಎಸ್‌ಗೆ ಮೂತಿಯ ಕೆಳಗೆ ಒಂದು ಸಣ್ಣ ಗಡ್ಡದಂಥ ಸ್ಪಾಯ್ಲರ್ ಬಂತು. ಎಂಜಿನ್ ಹಿಂದಿರುವ ಆ ಕಾರಿನ ಮೂತಿ ವೇಗದಲ್ಲಿ ಹಗುರವಾಗುತ್ತಿತ್ತು, ಅದನ್ನು ಹಿಡಿದಿಡಲು ಎಂಜಿನಿಯರುಗಳು ಲೆಕ್ಕ ಹಾಕಿ ಕೊಟ್ಟ ತುಂಡು ಅದು. ಮರುವರ್ಷದ ಕರೆರಾ ಆರ್‌ಎಸ್‌ನಲ್ಲಿ ಹಿಂದೆ ಬಾತುಕೋಳಿ ಬಾಲದ ಸ್ಪಾಯ್ಲರೂ ಸೇರಿತು. ಮುಂದು, ಹಿಂದು ಎರಡೂ ತೂಗಬೇಕು. ಹಿಂದೆ ದೊಡ್ಡ ರೆಕ್ಕೆ ಉಳಿಸಿಕೊಂಡು ಮುಂದಿನದನ್ನು ಕಿತ್ತರೆ ವೇಗದಲ್ಲಿ ಸ್ಟಿಯರಿಂಗ್ ಹಗುರವಾಗಿ, ತಿರುವಿನಲ್ಲಿ ಕಾರು ಹೊರಕ್ಕೆ ಜಾರುತ್ತೆ. ಅಂಥ ಕಾರಿದ್ದವರು ಸುಮ್ನೆ ಒಂದನ್ನು ಮಾತ್ರ ಬಿಚ್ಚಬೇಡಿ.

ಇನ್ನೊಂದು ಲೆಕ್ಕ ಇದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 50 ಕಿಲೋಮೀಟರ್ ವೇಗದಲ್ಲಿ ಇರುವ ಬಲ 100ರಲ್ಲಿ ನಾಲ್ಕು ಪಟ್ಟು, 200ರಲ್ಲಿ ಹದಿನಾರು ಪಟ್ಟು. 200ರಲ್ಲಿ ಹತ್ತು ಕಿಲೋ ಒತ್ತುವ ಸ್ಪಾಯ್ಲರ್ 50ರಲ್ಲಿ ಒತ್ತುವುದು ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ನಾನು ಓಡಿಸುವ ರಸ್ತೆಗಳ ಮಿತಿ ಹೆಚ್ಚೆಂದರೆ 75 ಮೈಲಿ. ಹಾಗಾಗಿ ನನ್ನ ಮಟ್ಟಿಗೆ ಪ್ರಶ್ನೆ ಹಿಡಿತದ್ದಲ್ಲ, ತಂಪಿನದು.

ಹೊಸ ಏರ್ ಡ್ಯಾಮ್ ಮೂರೂ ತುಂಡು ಬಂದವು. ದುಬಾರಿ ಇಲ್ಲ. ಈ ಕಾರಿನ ಬೇರೆ ಯಾವ ಸಾಮಾನಿಗೆ ಹೋಲಿಸಿದರೂ ಅಗ್ಗ. ಹಳೆ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ಒಂದು ಕ್ಲಿಪ್ ನಟ್‌ನ ಹಿಡಿತ ಹೋಗಿತ್ತು, ಬದಲಿಸಿದೆ. ಮೊದಲು ನಡುವಿನ ತುಂಡನ್ನು ಎಲ್ಲ ಬೋಲ್ಟಿಗೂ ಸಡಿಲವಾಗಿ ಕೂರಿಸಿ, ಆಮೇಲೆ ಅಕ್ಕಪಕ್ಕದ ತುಂಡು ಸೇರಿಸಿ, ಕೊನೆಗೆ ಎಲ್ಲವನ್ನೂ ಬಿಗಿ ಮಾಡಿದೆ. ತುಂಬಾ ಬಿಗಿ ಬೇಡ. ಪ್ಲಾಸ್ಟಿಕ್ ಕಚ್ಚಿಕೊಂಡರೆ ಸಾಕು. ವಿಪರೀತ ತಿರುವಿದರೆ ತೂತಿನ ಸುತ್ತ ಸೀಳು ಶುರುವಾಗಿ, ಮೊದಲ ಹೊಡೆತಕ್ಕೇ ಹರಿಯುತ್ತೆ.

ಅಳತೆಗೆ ಒಂದೇ ರಸ್ತೆ ಇಟ್ಟುಕೊಂಡಿದ್ದೆ. ಫೀನಿಕ್ಸ್‌ನಿಂದ ಉತ್ತರಕ್ಕೆ ಫ್ಲ್ಯಾಗ್‌ಸ್ಟಾಫ್ ಕಡೆ ಹೋಗುವ ಇಂಟರ್‌ಸ್ಟೇಟ್ 17. ಮೊದಲು ಸಮತಟ್ಟು, ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಸನ್‌ಸೆಟ್ ಪಾಯಿಂಟ್‌ವರೆಗೆ ಕಡಿದಾದ ಏರು. ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗಿ ಬದಿಗೆ ನಿಂತ ಕಾರುಗಳನ್ನು ಇಲ್ಲಿ ನೋಡಿದ್ದೇನೆ. ಪ್ರತಿ ಸಲವೂ ಸಂಜೆ ಅದೇ ಹೊತ್ತು, ಹೊರಗೆ ನೂರರ ಆಸುಪಾಸು ಫ್ಯಾರನ್‌ಹೀಟ್, ಏಸಿ ಹಾಕಿ, 70 ಮೈಲಿಗೆ ಕ್ರೂಸ್ ಕಂಟ್ರೋಲ್.

ಕಾರು ಬಂದ ಸ್ಥಿತಿಯಲ್ಲಿ, ಕಸ ತುಂಬಿ ಪಟ್ಟಿ ಹರಿದಿದ್ದಾಗ, ಸಮತಟ್ಟಿನಲ್ಲಿ 218 ಡಿಗ್ರಿ ಫ್ಯಾರನ್‌ಹೀಟ್. ಏರಿನಲ್ಲಿ 237 ಮುಟ್ಟಿ ಇನ್ನೂ ಏರುತ್ತಿತ್ತು, ಏಸಿ ನಿಲ್ಲಿಸಿದೆ. 237 ಅಂದರೆ ಸುಮಾರು 114 ಸೆಲ್ಸಿಯಸ್. ಕಸ ತೆಗೆದ ಮೇಲೆ ಸಮತಟ್ಟಿನಲ್ಲಿ 212, ಏರಿನಲ್ಲಿ 230. ಚಂದದ ತುಟಿ ಬಿಚ್ಚಿದ ಮೇಲೆ ಒಂದೆರಡು ಡಿಗ್ರಿ ಆಚೀಚೆ, ವ್ಯತ್ಯಾಸ ಅಂತ ಹೇಳುವಂತಿಲ್ಲ. ಹೊಸ ಏರ್ ಡ್ಯಾಮ್ ಹಾಕಿದ ಮೇಲೆ ಸಮತಟ್ಟಿನಲ್ಲಿ 199, ಏರಿನಲ್ಲಿ ಏಸಿ ಹಾಕಿಕೊಂಡೇ 213. ಏರು ಮುಗಿದ ಕೂಡಲೇ ಅಂಕಿ ಸರಸರ ಇಳಿಯಿತು. ನೋಡಿ ಬಹಳ ಖುಷಿಯಾಯಿತು. ಏರಿನಲ್ಲಿ ಕಸ ತೆಗೆದದ್ದು 7 ಡಿಗ್ರಿ ಕೊಟ್ಟಿತು, ನೆಲಕ್ಕೆ ಕೆರೆಯುವ ಆ ಪ್ಲಾಸ್ಟಿಕ್ 17 ಕೊಟ್ಟಿತು.

ಹಾಗಾದರೆ ಕೆರೆಯುವುದಕ್ಕೆ ಏನು ಮಾಡುವುದು? ಮೊದಲು ಒಂದು ಸಮಾಧಾನ. ಈ ಪಟ್ಟಿ ಮಾಡಿರುವುದೇ ಬಗ್ಗುವ ಪ್ಲಾಸ್ಟಿಕ್‌ನಲ್ಲಿ. ಮುಂದೆ ಹೋಗುವಾಗ ಉಬ್ಬು ತಾಗಿದರೆ ಹಿಂದಕ್ಕೆ ಮಡಚಿ, ಮತ್ತೆ ನೆಟ್ಟಗಾಗುತ್ತೆ. ಆ ಕರಕರ ಸದ್ದು ಭಯ ಹುಟ್ಟಿಸುತ್ತೆ, ಹಾನಿ ಅಷ್ಟಿಲ್ಲ. ನಿಜವಾದ ಅಪಾಯ ರಿವರ್ಸ್‌ನಲ್ಲಿದೆ. ಇಲ್ಲಿನ ಪಾರ್ಕಿಂಗ್ ಜಾಗಗಳಲ್ಲಿ ಚಕ್ರ ತಡೆಯಲು ಉದ್ದದ ಕಾಂಕ್ರೀಟ್ ದಿಮ್ಮಿ ಇಟ್ಟಿರುತ್ತಾರೆ. ಮೂತಿ ಮುಂದೆ ಮಾಡಿ ನುಗ್ಗಿದರೆ ಪಟ್ಟಿ ಬಾಗಿ ದಿಮ್ಮಿ ಮೇಲೆ ಹತ್ತಿ ಆಚೆ ಇಳಿಯುತ್ತೆ. ಹಿಂದಕ್ಕೆ ತೆಗೆಯುವಾಗ ಅದೇ ಪಟ್ಟಿ ದಿಮ್ಮಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತೆ. ಬೋಲ್ಟ್ ಸಮೇತ ಕಿತ್ತು ಬರುತ್ತೆ, ಕೆಲವು ಸಲ ಬಂಪರ್ ಕವರನ್ನೂ ಎಳೆದುಕೊಳ್ಳುತ್ತೆ. ನನ್ನ ಕಾರಿನ ಹರಿದ ಅಂಚು ಮುಂದಕ್ಕೆ ಎಳೆದಂತೆ ಇತ್ತು. ಅಂದರೆ ಅದು ಹೋದದ್ದೂ ಹೀಗೆಯೇ. ಈಗ ನಾನು ಎಲ್ಲ ಕಡೆ ಹಿಂಬದಿ ಒಳಗೆ ಹೋಗುವಂತೆ ನಿಲ್ಲಿಸುತ್ತೇನೆ. ಆಗದಿದ್ದರೆ ದಿಮ್ಮಿಗಿಂತ ಒಂದು ಮೊಳ ಮೊದಲೇ ನಿಲ್ಲಿಸುತ್ತೇನೆ. ಮನೆಯ ಇಳಿಜಾರನ್ನು ಓರೆಯಾಗಿ ಹತ್ತಿಸುತ್ತೇನೆ, ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ.

ಕೆಲವರು ಪಟ್ಟಿಯ ಕೆಳಗಿನ ಒಂದಿಂಚು ಕತ್ತರಿಸುತ್ತಾರೆ. ನಾನು ಕತ್ತರಿಸುವುದಿಲ್ಲ. ಅದರ ಕೆಲಸವೆಲ್ಲ ನೆಲಕ್ಕೂ ಅದಕ್ಕೂ ಇರುವ ಸಂದಿನ ಮೇಲೇ ನಿಂತಿದೆ. ತಂಪು ಊರಿನಲ್ಲಿ ಆ ಒಂದಿಂಚು ನಡೆಯಬಹುದು. ಫೀನಿಕ್ಸ್‌ನ ಜುಲೈನಲ್ಲಿ ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಇಳಿಜಾರು ಮತ್ತು ವೇಗ ಎರಡನ್ನೂ ಸಂಭಾಳಿಸುವ ದಾರಿಯನ್ನು ಪೋರ್ಷೆ 2013ರಲ್ಲಿ 911 ಟರ್ಬೋದಲ್ಲಿ ತಂದಿತು. ಅದರ ಮುಂದಿನ ತುಟಿ ಗಾಳಿ ತುಂಬಿದಾಗ ಉಬ್ಬಿ ಕೆಳಗಿಳಿಯುತ್ತೆ, ನಿಧಾನ ಹೋಗುವಾಗ ಮೇಲೆ ಮಡಚಿಕೊಳ್ಳುತ್ತೆ. ಈಗ ರ‍್ಯಾಮ್ 1500ರಂಥ ಪಿಕಪ್ ಟ್ರಕ್‌ಗಳಲ್ಲೂ ವೇಗ ಏರಿದಾಗ ತಾನೇ ಇಳಿಯುವ ಪಟ್ಟಿ ಬಂದಿದೆ, ಅಲ್ಲಿ ಅದು ಪೆಟ್ರೋಲ್ ಉಳಿಸಲು.

ನಿಮ್ಮದು ಬೇರೆ ಕಾರಾದರೆ ನನ್ನ ಅಂಕಿಗಳನ್ನು ಹಾಗೇ ತಗೋಬೇಡಿ. ಮುಂದೆ ಕೂತು ರೇಡಿಯೇಟರಿಗೆ ಗಾಳಿ ಎಲ್ಲಿಂದ ಹೋಗುತ್ತೆ ಅಂತ ಹುಡುಕಿ. ದೊಡ್ಡ ಗ್ರಿಲ್ ಮೂಲಕ ನೇರ ಹೋಗುತ್ತಿದ್ದರೆ ಕೆಳಗಿನ ತುಂಡು ತೆಗೆದರೂ ಎಂಜಿನ್ ಬದುಕಬಹುದು. ಗ್ರಿಲ್ ಇಲ್ಲ, ಅಥವಾ ಗ್ರಿಲ್ ಥರ ಕಾಣುವುದು ಮುಚ್ಚಿದೆ ಅಂದರೆ ಕೆಳಗಿನ ತುಂಡು ಎಂಜಿನ್ ಬಿಡಿಭಾಗ. ಸರ್ವಿಸ್ ಅಂಗಡಿಯಲ್ಲಿ ಯಾರಾದರೂ ಅಡ್ಡ ಬಂತು ಅಂತ ಬಿಚ್ಚಿಟ್ಟರೆ, ಮತ್ತೆ ಹಾಕಿದ್ದಾರಾ ಅಂತ ಬಗ್ಗಿ ನೋಡಿಯೇ ಹೊರಡಿ.

ಮಂಗಳೂರಿನ ಗೆಳೆಯನನ್ನು ಕೂರಿಸಿಕೊಂಡು ಅದೇ ಏರು ಹತ್ತಿಸಿದೆ. ಅಂಕಿ ನೋಡಿ ಒಪ್ಪಿದ. ಆದರೂ ಬಿಚ್ಚಿಟ್ಟ ತುಟಿಯನ್ನು ಮತ್ತೆ ಹಾಕು ಅಂತ ಇನ್ನೂ ಹೇಳುತ್ತಿದ್ದಾನೆ. ಹಾಕಲ್ಲ. ಅದು ಬಿಟ್ಟುಹೋದ ಸ್ಕ್ರೂ ತೂತುಗಳು ಬಂಪರಿನ ಕೆಳ ಅಂಚಿನಲ್ಲಿ ಸಾಲಾಗಿ ಕಾಣುತ್ತಿವೆ. ಬಂಪರ್ ಕವರ್ ಬಗ್ಗುವ ಪ್ಲಾಸ್ಟಿಕ್, ಮಾಮೂಲಿ ಪುಟ್ಟಿ ಹಾಕಿದರೆ ಬಿರಿಯುತ್ತೆ. ಬಂಪರಿಗೆಂದೇ ಬರುವ ಮೆದು ಫಿಲ್ಲರ್ ತರಿಸಿದ್ದೇನೆ. ಎಲೆಕ್ಟ್ರಾನ್ ಬ್ಲೂ ಬಣ್ಣ ಬೆರೆಸಿಕೊಡಲು ಒಂದು ಅಂಗಡಿಗೆ ಹೇಳಿದ್ದೇನೆ. ಬಣ್ಣ ಸಿಕ್ಕ ಮೇಲೆ ತೂತು ಮುಚ್ಚಿ, ಉಜ್ಜಿ, ಕೆಳ ಅಂಚಿಗಷ್ಟೇ ಸ್ಪ್ರೇ ಮಾಡುವುದು ಬಾಕಿ.